ಎಡಗಾಲು ಇಳಿಯದ ವಿಮಾನ

ಹಲ್ಲಿನ ಡಾಕ್ಟರಿಗೆ ತಾವು ಕಟ್ಟಿದ ಪುಟ್ಟ ವಿಮಾನದ ಬಗ್ಗೆ ಎಷ್ಟು ಜಂಬವೋ, ಅದನ್ನು ಹಾರಿಸಬೇಕಾದ ಹೆಂಡತಿಗೆ ಅವರ ಬಗ್ಗೆ ಅಷ್ಟೇ ತಾತ್ಸಾರ. ಪೈಲಟ್ ಲೈಸೆನ್ಸು ಇದ್ದದ್ದು ಅವಳಿಗೆ. ರೆಕ್ಕೆಗೆ ರಿವೆಟ್ಟು ಹೊಡೆದವಳೂ ಅವಳೇ. ಡಾಕ್ಟರು ಮಾತ್ರ ಬಂದವರಿಗೆಲ್ಲ, "ನಾನೊಬ್ನೇ ಕಟ್ಟಿದ್ದು" ಎನ್ನುತ್ತಿದ್ದರು.

ಶೆಡ್ಡಿನಲ್ಲಿ ವಿಮಾನವನ್ನು ಜಾಕಿಗಳ ಮೇಲೆ ಎತ್ತಿ ಚಕ್ರಗಳನ್ನು ಮಡಚಿ ಇಳಿಸಿ ನೋಡಿದಾಗ ತೊಂದರೆ ಗೊತ್ತಾಯಿತು. ಚಕ್ರ ಹೊತ್ತ ಬಲಗಾಲೂ ಮುಂಗಾಲೂ ಇಳಿದವು. ಎಡಗಾಲು ಅರ್ಧಕ್ಕೇ ನಿಂತಿತು. ಡಾಕ್ಟರು ಬಿಡಿಭಾಗ ಮಾರಿದವನನ್ನು ಬೈಯುತ್ತಾ, ಕಾಲಿಗೆ ಎಣ್ಣೆ ಒತ್ತುವ ಪಂಪ್ ಬದಲಾಯಿಸಿದರು. ಆಮೇಲೆ ಸ್ವಿಚ್ಚು, ಆಮೇಲೆ ವೈರು. ಕಾಲು ಜಪ್ಪಯ್ಯ ಎನ್ನಲಿಲ್ಲ.

"ಜಾಕಿ ಸೊಟ್ಟಗಿದೆ, ಅಷ್ಟೇ. ಮೇಲೆ ಹೋದ್ರೆ ತಾನಾಗೇ ಇಳಿಯುತ್ತೆ," ಎಂದರು.

"ಅಣ್ಣ ಹೇಳಿದ್ಮೇಲೆ ಮುಗೀತು, ಅತ್ತಿಗೆ," ಎಂದ ಟಾರ್ಚು ಹಿಡಿದಿದ್ದ ಮೈದುನ.

"ಕುಣಿಯೋಕೆ ಬರದವಳಿಗೆ ನೆಲ ಡೊಂಕು, ನಿಮ್ಮಣ್ಣನಿಗೆ ಜಾಕಿ ಡೊಂಕು. ಅಷ್ಟು ನಂಬಿಕೆ ಇದ್ರೆ ಅಣ್ಣತಮ್ಮ ಇಬ್ರೂ ಹತ್ತಿ, ಹಾರಿಸ್ತೀನಿ."

ಇಬ್ಬರೂ ಹತ್ತಲಿಲ್ಲ.

ಅವಳೇ ಸ್ಪ್ಯಾನರ್ ಹಿಡಿದು ಕೆಳಗೆ ನುಸುಳಿದಳು. ಕಾಲನ್ನು ತಳ್ಳುವ ಸಿಲಿಂಡರಿನಿಂದ ಕಾಲನ್ನು ಬಿಡಿಸಿದಳು. ಕಾಲು ತನ್ನ ಭಾರಕ್ಕೇ ಸಲೀಸಾಗಿ ಇಳಿಯಿತು. ಅಂದರೆ ಕಾಲಿನದಲ್ಲ ತಪ್ಪು. ಸಿಲಿಂಡರಿನ ಪೈಪು ಸಡಿಲಿಸಿದಳು. ಎಣ್ಣೆ ಜೋರಾಗಿ ಚಿಮ್ಮಿತು. ಪಂಪಿನದೂ ಅಲ್ಲ. ಆದರೆ ವಿಮಾನದ ಎಣ್ಣೆ ಕೆಂಪಗಿರಬೇಕು, ಚಿಮ್ಮಿದ್ದು ಕೆಂಪಗಿರಲಿಲ್ಲ. ಮೂಸಿ ನೋಡಿ ಮುಖ ಕಿವುಚಿದಳು.

"ಇದಕ್ಕೆ ಏನು ಸುರಿದ್ರಿ?"

"ಕಾರಿನ ಬ್ರೇಕ್ ಆಯಿಲ್. ಎಣ್ಣೆ ಅಂದ್ರೆ ಎಣ್ಣೆ ತಾನೆ?"

"ಹಲ್ಲಿನ ಗುಂಡಿಗೆ ಗಾರೆ ಮೆತ್ತುತ್ತೀರಾ? ಎರಡೂ ಗಟ್ಟಿ ಆಗುತ್ತಲ್ಲ!"

ಸಿಲಿಂಡರ್ ಬಿಚ್ಚಿದಾಗ ಒಳಗಿನ ರಬ್ಬರ್ ಉಂಗುರ ಆ ಎಣ್ಣೆ ಕುಡಿದು ಉಬ್ಬಿ ಬಿಗಿದುಕೊಂಡಿತ್ತು. ಬಲಗಾಲಿನದೂ ಊದತೊಡಗಿತ್ತು. ಆಕಾಶದಲ್ಲಿ ಅವೆರಡೂ ಸಿಕ್ಕಿಕೊಂಡಿದ್ದರೆ ವಿಮಾನ ಹೊಟ್ಟೆಯ ಮೇಲೇ ಇಳಿಯಬೇಕಿತ್ತು. ಪೈಪುಗಳನ್ನೆಲ್ಲ ತೊಳೆದು, ಉಂಗುರಗಳನ್ನೆಲ್ಲ ಬದಲಿಸಿ, ಕೆಂಪು ಎಣ್ಣೆ ತುಂಬಿ ಪೈಪಿನೊಳಗೆ ಉಳಿದ ಗಾಳಿ ತೆಗೆದಳು. ಮೂರು ಕಾಲೂ ಇಳಿದವು.

"ಉಂಗುರದ ಮೇಲೆ ನನಗೆ ಮೊದಲಿಂದ್ಲೂ ಅನುಮಾನ ಇತ್ತು," ಎಂದರು ಡಾಕ್ಟರು.

ಮೊದಲ ಸಲ ಅವಳು ಒಬ್ಬಳೇ ಹಾರಿದಳು. ಚಕ್ರ ಮಡಚಿ, ಇಳಿಸಿ, ಮೂರು ಕಾಲೂ ಇಳಿದವೆಂದು ಹೇಳುವ ಮೂರು ಹಸಿರು ದೀಪ ನೋಡಿಕೊಂಡು ಮೆತ್ತಗೆ ಇಳಿದಳು. ಕೆಳಗೆ ಡಾಕ್ಟರು ನೆರೆದವರಿಗೆ, "ಸಣ್ಣ ರಿಪೇರಿ ಇತ್ತು, ಹೇಳಿ ಮಾಡಿಸಿದೆ" ಎನ್ನುತ್ತಿದ್ದರು. ಮೀಸೆಗೆ ಎಳ್ಳಷ್ಟೂ ಮಣ್ಣು ಹತ್ತಿರಲಿಲ್ಲ.

"ಈಗ ನಾನೂ ಬರ್ಲಾ?"

"ಬನ್ನಿ. ಏನನ್ನೂ ಮುಟ್ಟಬೇಡಿ."

ರನ್‌ವೇ ತಲುಪುವುದರೊಳಗೆ ಅವರು ಆಗಲೇ ವಿಮಾನ ತಿರುಗಿಸುವುದು ಹೇಗೆಂದು ಅವಳಿಗೆ ಪಾಠ ಶುರುಮಾಡಿದ್ದರು. ಅವಳು ಕೈ ಚಾಚಿ ಅವರ ಹೆಡ್‌ಸೆಟ್ಟಿನ ವೈರನ್ನು ಕಿತ್ತು, ಮೇಲೇರಿದಳು.