ತೇರ್ಸಿನ ಹೊತ್ತಿಗೆ ಸದ್ದಿಲ್ಲ

ಸ್ಪೀಕರಿನ ಗುಂಡಿ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ನನ್ನ ಗಂಡ ಪಾಸ್ಕಲ್ ಒಂದು ಪ್ರೋಗ್ರಾಂ ಬರೆದ. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ದಿನವಿಡೀ ಕೋಡ್ ಬರೆದದ್ದು ಸಾಲದು, ಮನೆಯಲ್ಲೂ ಅದೇ ಚಪಲ.

ವೆಸ್ಟ್‌ಮೀಡ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಸಂಜೆ ಏಳಕ್ಕೆ ತೇರ್ಸ್. ಮೊಣಕಾಲೂರಿ ಜಪಸರ ಹಿಡಿದು ಎಲ್ಲರೂ ಒಟ್ಟಿಗೆ ಹೇಳುವ ಪ್ರಾರ್ಥನೆ. ಮಗಳು ಜೆಸ್ಲಿನ್ ಕಂಪ್ಯೂಟರ್ ಗೇಮನ್ನು ಮುಚ್ಚದೆ ಎದ್ದು ಬರುತ್ತಿದ್ದಳು. ನಮ್ಮ ಜಪದ ನಡುವೆ ಅದರ ಢಂಢಂ ಸಂಗೀತ. ಗದರಿದರೆ, "ಇಟ್ಸ್ ಓನ್ಲಿ ಪಾಝ್ಡ್, ಮಮ್" ಎನ್ನುವಳು. ಆಟ ನಿಂತರೂ ಸಂಗೀತ ನಿಲ್ಲುತ್ತಿರಲಿಲ್ಲ. ಪಾಸ್ಕಲನ ಪ್ರೋಗ್ರಾಂ ಏಳಕ್ಕೆ ಆ ಸದ್ದು ಅಡಗಿಸಿ, ತೇರ್ಸ್ ಮುಗಿಯುವ ಹೊತ್ತಿಗೆ ಮರಳಿ ಕೊಡುತ್ತಿತ್ತು.

ಮೊಬೈಲುಗಳು ಸ್ವಿಚ್ ಆಫ್ ಆಗಿ ಅಡುಗೆಮನೆಯ ಡ್ರಾಯರಿಗೆ. ತೇರ್ಸ್ ನಡುವೆ ಫೋನ್ ಎತ್ತಬಾರದೆಂಬುದು ಮಾವನ ಕಟ್ಟಪ್ಪಣೆ. ಯಾರು ಹುಟ್ಟಿದರೂ ಸತ್ತರೂ ಕೊನೆಯ ಆಮೆನ್ ಆದ ಮೇಲೆಯೇ ಎನ್ನುವವರು. ಮಂಗಳೂರಿನಿಂದ ಬಂದು ಮೆಲ್ಬರ್ನ್‌ನಲ್ಲಿ ನನ್ನ ಮೈದುನ ಜೋಸ್ವಿನ್ ಜೊತೆ ಇದ್ದರು. ದಿನವೂ ತೇರ್ಸ್ ಆದ ಮೇಲೆ ಸ್ಕೈಪ್‌ನಲ್ಲಿ ಬಂದು ಒಬ್ಬೊಬ್ಬರ ಹೆಸರು ಹಿಡಿದು ಬಾಯಿ ತುಂಬ ಬೆಸಾಂವ್ ಕೊಡುತ್ತಿದ್ದರು. ನಮ್ಮಲ್ಲಿ ಹಿರಿಯರ ಆಶೀರ್ವಾದಕ್ಕೆ ಹಾಗೆನ್ನುತ್ತೇವೆ.

೨೦೧೪ರಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ನಾನು ನರ್ಸ್, ಅದರ ಅರ್ಥ ನನಗೆ ಗೊತ್ತು. ಆಪರೇಷನ್ ಬುಧವಾರ. ಮಂಗಳವಾರವಿಡೀ ಅಪ್ಪನ ಮಾತು ಕೇಳುತ್ತ ಕೂರುತ್ತೇನೆಂದು ಪಾಸ್ಕಲ್ ಮೂವರಿಗೂ ಫ್ಲೈಟ್ ಬುಕ್ ಮಾಡಿದ್ದ.

ಸೋಮವಾರ ಸಂಜೆ ನಾನು ಹೇಳಿದೆ, "ಇವತ್ತೊಂದಿನ ಮೊಬೈಲ್ ಹೊರಗೇ ಇರ್ಲಿ."

"ಏನಾದ್ರೂ ಇದ್ರೆ ಕಂಪ್ಯೂಟರಲ್ಲಿ ಸ್ಕೈಪ್ ರಿಂಗ್ ಆಗುತ್ತೆ ವೆನಿಟಾ. ನಾನು ಮ್ಯೂಟ್ ಮಾಡಿರೋದು ಗೇಮ್ ಮಾತ್ರ," ಎಂದ.

ಕಂಪ್ಯೂಟರಿಗೆ ಬೆನ್ನು ಹಾಕಿ ಕೂತೆವು. ಇಡೀ ತೇರ್ಸನ್ನು ಮಾವನ ಗಂಟಲಿಗೆಂದೇ ಅರ್ಪಿಸಿದೆವು. ಆಮೆನ್ ಆದ ಮೇಲೆ ಪಾಸ್ಕಲ್ ಎದ್ದು ತಿರುಗಿದ. ಪರದೆಯ ಮೇಲೆ ಜೋಸ್ವಿನ್‌ನ ಮಿಸ್ಡ್ ಕಾಲ್‌ಗಳು ಒಂದರ ಕೆಳಗೊಂದು ಇದ್ದವು.

ಮೊಬೈಲ್ ತೆಗೆದು ಫೋನ್ ಮಾಡಿದ. ಜೋಸ್ವಿನ್ ಅಳುತ್ತಿದ್ದ. "ಪಪ್ಪಂಗೆ ಉಸಿರು ಕಟ್ತಾ ಇತ್ತು ಅಣ್ಣ. ಇನ್ನು ಕಾಯೋಕಾಗಲ್ಲ, ಇವತ್ತೇ ಆಪರೇಷನ್ ಅಂದ್ರು. ಈಗಷ್ಟೇ ಒಳಗೆ ಕರ್ಕೊಂಡ್ಹೋದ್ರು. ನಿನ್ಹತ್ರ ಮಾತಾಡ್ಬೇಕು ಅಂತ ಬಾಗಿಲ ತನಕ ಟ್ಯಾಬ್ ಹಿಡ್ಕೊಂಡೇ ಇದ್ರು."

ಪಾಸ್ಕಲ್ ಕೋಡ್ ತೆರೆದು ನೋಡಿದ. ಮುಚ್ಚಿದ್ದು ಗೇಮಿನ ಸದ್ದನ್ನಲ್ಲ, ಇಡೀ ಕಂಪ್ಯೂಟರಿನ ಸದ್ದನ್ನು. ಬರೆದ ದಿನ ಗೇಮ್ ಸುಮ್ಮನಾದದ್ದನ್ನು ಕಂಡು ಹಿಗ್ಗಿದ್ದನೇ ಹೊರತು, ಮಿಕ್ಕ ಸದ್ದುಗಳು ಉಳಿದಿವೆಯೇ ಎಂದು ನೋಡಿರಲಿಲ್ಲ. ಮಾವನ ಸ್ಕೈಪ್ ಸದಾ ತೇರ್ಸ್ ಮುಗಿದ ಮೇಲೆಯೇ ಬರುತ್ತಿದ್ದುದರಿಂದ ತಪ್ಪು ಬಯಲಾಗಿರಲಿಲ್ಲ. ಆಫೀಸಿನಲ್ಲಿ ಬೇರೆಯವರು ಇಂಥ ಕೋಡ್ ಕೊಟ್ಟರೆ ಇವನೇ ವಾಪಸ್ ಕಳಿಸುತ್ತಾನೆ. ನನಗೆ ಕೆಂಡದಂಥ ಸಿಟ್ಟು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

ಮೆಲ್ಬರ್ನ್‌ನ ಆಸ್ಪತ್ರೆಯಲ್ಲಿ ಮಾವ ಕಣ್ಣು ಬಿಟ್ಟಾಗ ನಾವು ಮಂಚದ ಪಕ್ಕದಲ್ಲಿದ್ದೆವು. ಕತ್ತಿನಲ್ಲಿ ತೂತು, ಅದಕ್ಕೊಂದು ನಳಿಗೆ. ನರ್ಸ್ ಬರೆಯಲು ಪುಟ್ಟದೊಂದು ಬಿಳಿ ಬೋರ್ಡ್ ಕೊಟ್ಟಳು. ಎಂದಿನಂತೆ ಕನ್ನಡ ಅಕ್ಷರದಲ್ಲಿ ಕೊಂಕಣಿ ಬರೆದರು: ನಾನು ಫೋನ್ ಮಾಡಿದಾಗ ತೇರ್ಸ್ ನಡೆಯುತ್ತಿತ್ತಾ?

ಪಾಸ್ಕಲ್ ಹೌದೆಂದು ತಲೆಯಾಡಿಸಿದ.

ಮಾವನ ಮುಖ ಅರಳಿತು. ಅಳಿಸಿ ಮತ್ತೆ ಬರೆದರು: ಎಷ್ಟು ಸಲ ಮಾಡಿದರೂ ನೀನು ಎತ್ತಲಿಲ್ಲ. ನೀನು ನನ್ನ ಮಗ.

ನಿಜ ಹೇಳಿಬಿಡಲು ಪಾಸ್ಕಲ್ ಬಾಯಿ ತೆರೆದ. ನಾನು ಅವನ ತೋಳನ್ನು ಬಿಗಿಯಾಗಿ ಹಿಡಿದೆ. ಮಾವ ಆ ಬೋರ್ಡನ್ನು ಜೋಸ್ವಿನ್ ಕಡೆ ತಿರುಗಿಸಿ, ನರ್ಸಿಗೂ ತೋರಿಸಿದರು.