ಡಿಮ್ ಆಗದ ದೀಪ

"ಈಗ ಒತ್ತಿ, ಉಮಾನಾಥಣ್ಣ."

"ಒತ್ತಿದೆ."

ಗೋಡೆಯ ಮೇಲೆ ಕಾರಿನ ಹೆಡ್‌ಲೈಟಿನ ಎರಡು ವೃತ್ತಗಳು ಕದಲಲಿಲ್ಲ. ಮೆಕ್ಯಾನಿಕ್ ಸರ್ವೋತ್ತಮ ಇದ್ದಿಲಿನಲ್ಲಿ ಎಳೆದಿದ್ದ ಗೆರೆಗಿಂತ ಒಂದು ಗೇಣು ಮೇಲೆಯೇ ನಿಂತಿದ್ದವು. ಹೊರಗೆ ಕಟಪಾಡಿಯ ಪೇಟೆಯಲ್ಲಿ ಮಧ್ಯಾಹ್ನದ ಬಿಸಿಲು. ದೀಪ ಪರೀಕ್ಷಿಸುವುದಕ್ಕೆಂದು ಗ್ಯಾರೇಜಿನ ಹಲಗೆ ಬಾಗಿಲುಗಳನ್ನು ಮುಚ್ಚಿದ್ದರಿಂದ ಒಳಗೆ ಬ್ಯಾಟರಿ ಆಸಿಡ್ಡಿನ ವಾಸನೆ ಕಟ್ಟಿಕೊಂಡಿತ್ತು.

"ನೋಡಿದೆಯಾ? ನಾನು ಹೇಳಿದರೆ ನೀನು ನಂಬುವುದಿಲ್ಲ," ಎಂದ ಉಮಾನಾಥ, ಸ್ಟೀರಿಂಗ್ ಹಿಡಿದುಕೊಂಡೇ. "ಹೊಸ ಸ್ವಿಚ್ಚಿಗೂ ಅದೇ ರೋಗ ಮಾರಾಯ."

ಅವನು ಬರುತ್ತಿರುವುದು ಇದು ಮೂರನೆಯ ಸಲ. ಮೊದಲು ಸರ್ವೋತ್ತಮ ಬಲ್ಬು ಬದಲಿಸಿದ್ದ. ಆಮೇಲೆ ತುಕ್ಕು ಹಿಡಿದ ಅರ್ಥ್ ವಯರನ್ನು ಕೆರೆದು ಬಿಗಿದು, ಕ್ಲಚ್ಚಿನ ಎಡಕ್ಕೆ ನೆಲದಲ್ಲಿ ಕೂತಿರುವ, ಬೆಳಕು ತಗ್ಗಿಸುವ ಡಿಮ್ ಸ್ವಿಚ್ಚನ್ನೇ ಹೊಸದು ಹಾಕಿದ್ದ. ಗ್ಯಾರೇಜಿನಲ್ಲಿ ಬಗ್ಗಿ ಕೈಯಿಂದ ಒತ್ತಿದರೆ ಪ್ರತಿ ಸಲವೂ ಬೆಳಕು ಕೆಳಗಿಳಿಯುತ್ತಿತ್ತು. ರಸ್ತೆಗೆ ಹೋದರೆ ಇಲ್ಲ. ಹದಿನಾಲ್ಕು ವರ್ಷದ ಅಂಬಾಸಿಡರ್. ಕುಲುಕಾಟಕ್ಕೆ ಎಲ್ಲೋ ವಯರು ಬಿಡುತ್ತಿರಬೇಕು ಎಂದು ಇಬ್ಬರೂ ನಂಬಿದ್ದರು. ಇವತ್ತು ಮಾತ್ರ ಸರ್ವೋತ್ತಮ ಅವನನ್ನೇ ಸೀಟಿನಲ್ಲಿ ಕೂರಿಸಿ, ರಸ್ತೆಯಲ್ಲಿ ಒತ್ತುವ ಹಾಗೆಯೇ ಕಾಲಿನಿಂದ ಒತ್ತಲು ಹೇಳಿದ್ದ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದೊಂದು ತಮಾಷೆಯಾಗಿತ್ತು. ಉಮಾನಾಥನ ಕಾರು ಕಂಡರೆ ಸಾಕು, "ಪೆಟ್ರೋಮ್ಯಾಕ್ಸ್ ಬಂತು, ಮದುಮಗ ಎಲ್ಲಿ ಮಾರಾಯ?" ಎಂದು ಕೂಗುತ್ತಿದ್ದರು. ಕಳೆದ ಶನಿವಾರ ಉಚ್ಚಿಲದ ತಿರುವಿನಲ್ಲಿ, ಎದುರು ಬಂದ ಸೈಕಲಿನವನೊಬ್ಬ ಆ ಬೆಳಕಿಗೆ ದಾರಿ ಕಾಣದೆ ಮೀನಿನ ಬುಟ್ಟಿಯ ಸಮೇತ ಚರಂಡಿಗೆ ಬಿದ್ದು ಕೈ ಮುರಿದುಕೊಂಡ. ಉಮಾನಾಥನೇ ಅವನನ್ನು ಎತ್ತಿ ಆಸ್ಪತ್ರೆಗೆ ಒಯ್ದಿದ್ದ. ಅಂದಿನಿಂದ ಸ್ಟ್ಯಾಂಡಿನಲ್ಲಿ ಯಾರೂ ಕೂಗಿರಲಿಲ್ಲ.

"ಇಪ್ಪತ್ತೆರಡು ವರ್ಷ," ಎಂದ ಉಮಾನಾಥ ಗೋಡೆಯ ಕಡೆಗೆ ನೋಡುತ್ತಾ. "ಕೆಮ್ಮಣ್ಣಿನಂಥ ಹಳ್ಳಿಯಿಂದ ಎಷ್ಟು ಬಸುರಿಯರನ್ನು ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸಿದ್ದೇನೆ. ಒಬ್ಬರಿಗೂ ಒಂದು ಗೀರು ಆಗಿಲ್ಲ. ಈಗ ಈ ಸ್ವಿಚ್ಚು ನನ್ನ ಹೆಸರು ಹಾಳು ಮಾಡಿತು."

ಸರ್ವೋತ್ತಮ ಎಡಬದಿಯ ಬಾಗಿಲು ತೆರೆದು, ಕೈಯಲ್ಲೊಂದು ಟಾರ್ಚು ಹಿಡಿದು ಒಳಕ್ಕೆ ಬಗ್ಗಿದ.

"ಒತ್ತಿ."

"ಒತ್ತಿದೆ ಅಲ್ವಾ!"

ಉಮಾನಾಥನ ಬರಿಗಾಲು ಸ್ವಿಚ್ಚಿನಿಂದ ಎರಡು ಬೆರಳು ಈಚೆಗೆ, ರಬ್ಬರ್ ಮ್ಯಾಟನ್ನು ಬಲವಾಗಿ ಅದುಮುತ್ತಿತ್ತು.

ಸರ್ವೋತ್ತಮನಿಗೆ ನಗು ಬಂತು. ಆಗ ಆ ಕಾಲಿನ ಹೆಬ್ಬೆರಳಿನ ಬದಿಯಲ್ಲಿ ಗಾಯ ಕಂಡಿತು; ಟಾರ್ಚನ್ನು ಹತ್ತಿರ ಹಿಡಿದ. ಅಂಚು ಕಪ್ಪಾಗಿತ್ತು, ನಡುವೆ ಹಸಿ. ಯಾರೇ ಆದರೂ ಕುಂಟಲೇಬೇಕಾದ ಗಾಯ. ಉಮಾನಾಥ ಕುಂಟದೆ ನಡೆದು ಬಂದಿದ್ದ. ಒಂದು ವರ್ಷದಿಂದ ಅವನು ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದುದು, ಡಾಕ್ಟರು ಬಿಡಲು ಹೇಳಿದ್ದಾರೆ ಎಂದು ನಕ್ಕಿದ್ದುದು ಸರ್ವೋತ್ತಮನಿಗೆ ನೆನಪಾಯಿತು. ಅವನು ಕೈ ಚಾಚಿ ಆ ಪಾದದ ಮೇಲೆ ತನ್ನ ಹೆಬ್ಬೆರಳನ್ನು ಊರಿದ. ಇನ್ನಷ್ಟು ಊರಿದ.

"ಎಂತ ಮಾಡುತ್ತಿದ್ದೀ ಅಲ್ಲಿ?" ಉಮಾನಾಥ ಗೋಡೆಯಿಂದ ಕಣ್ಣು ತೆಗೆಯದೆ ಕೇಳಿದ. "ಇನ್ನೊಮ್ಮೆ ಒತ್ತಲಾ?"

ಸರ್ವೋತ್ತಮ ಕೈ ತೆಗೆಯಲಿಲ್ಲ.

"ಕೆಳಗೆ ನೋಡಿ, ಉಮಾನಾಥಣ್ಣ."

ಉಮಾನಾಥ ಬಗ್ಗಿ ನೋಡಿದ. ತನ್ನ ಪಾದವನ್ನೂ ಅದರ ಮೇಲಿದ್ದ ಗ್ರೀಸು ಮೆತ್ತಿದ ಕೈಯನ್ನೂ ಬಹಳ ಹೊತ್ತು ನೋಡಿದ. ಹೊರಗೆ ಯಾವುದೋ ಬಸ್ಸಿನ ಕಂಡಕ್ಟರ್ ಕಾಪು, ಪಡುಬಿದ್ರಿ ಎಂದು ಕೂಗುತ್ತಿದ್ದ. ಸರ್ವೋತ್ತಮ ಕೈ ಹಿಂದೆಗೆದುಕೊಂಡ ಮೇಲೆ ಉಮಾನಾಥ ಕಾಲೆತ್ತಿ, ಕಣ್ಣಿನಿಂದಲೇ ಜಾಗ ಹುಡುಕಿ, ಸ್ವಿಚ್ಚಿನ ಮೇಲಿಟ್ಟು ಒತ್ತಿದ. ಬೆಳಕು ಗೆರೆಗೆ ಇಳಿಯಿತು. ಮತ್ತೆ ಒತ್ತಿದ, ಮೇಲಕ್ಕೆ ಹೋಯಿತು. ಕಾಲನ್ನು ಹಿಂದಕ್ಕೆ ತಂದು, ಗೋಡೆಯ ಕಡೆ ನೋಡುತ್ತಾ ಮೂರನೆಯ ಸಲ ಒತ್ತಿದ. ಬೆಳಕು ಇದ್ದಲ್ಲೇ ಇತ್ತು.

"ಸ್ವಿಚ್ಚು ಸರಿ ಉಂಟು," ಎಂದ.

"ಉಂಟು."

"ಇದನ್ನು ಸ್ಟೀರಿಂಗಿನ ಹತ್ತಿರ ಕೂರಿಸಲಿಕ್ಕೆ ಆಗುತ್ತದಲ್ವಾ? ಕೈಗೆ ಸಿಗುವ ಹಾಗೆ?"

"ಅರ್ಧ ಗಂಟೆಯ ಕೆಲಸ." ಸರ್ವೋತ್ತಮ ಟಾರ್ಚು ಆರಿಸಿದ. ಆಮೇಲೆ ಮೆಲ್ಲನೆ ಹೇಳಿದ, "ಕ್ಲಚ್ಚಿಗೆ ಎಂತ ಮಾಡುವುದು? ಅದಕ್ಕೂ ಇದೇ ಕಾಲಲ್ವಾ?"

ಉಮಾನಾಥ ಹೆಡ್‌ಲೈಟು ಆರಿಸಿದ. ಸರ್ವೋತ್ತಮ ಹೋಗಿ ಎರಡು ಹಲಗೆ ತೆಗೆದಾಗ ಬಿಸಿಲು ಬಾನೆಟ್ಟಿನವರೆಗೆ ಬಂತು. ಉಮಾನಾಥ ಸೀಟಿನ ಅಡಿಯಿಂದ ಚಪ್ಪಲಿ ಎಳೆದು ಮೆಟ್ಟಿಕೊಂಡು ಇಳಿದ. ಕೀಲಿಯನ್ನು ಬೆಂಚಿನ ಮೇಲೆ, ಹಳೆಯ ಬಲ್ಬುಗಳ ಪಕ್ಕದಲ್ಲಿಟ್ಟ.

"ಸಂಜೆ ಕಾರ್ಕಳಕ್ಕೆ ಒಂದು ಬಾಡಿಗೆ ಉಂಟು. ಸ್ಟ್ಯಾಂಡಿನಲ್ಲಿ ಶೇಖರ ಇರುತ್ತಾನೆ, ಅವನಿಗೆ ಹೋಗಲಿಕ್ಕೆ ಹೇಳು."

"ಹೇಳುತ್ತೇನೆ."

"ಮಣಿಪಾಲಕ್ಕೆ ಈಗ ಬಸ್ಸುಂಟಾ?"

"ಎರಡು ಗಂಟೆಗೆ ಉಂಟು."

"ಪ್ಯಾಸೆಂಜರ್ ಆಗಿ ಕೂತು ಎಷ್ಟು ಕಾಲವಾಯಿತೋ," ಎಂದು ಉಮಾನಾಥ ಸಣ್ಣಗೆ ನಕ್ಕ. ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ ಹೊರಗೆ ಹೋದ.

ಸರ್ವೋತ್ತಮ ಉಳಿದ ಹಲಗೆಗಳನ್ನು ತೆಗೆಯಲು ಬಂದಾಗ ಹೊಸ್ತಿಲ ಹತ್ತಿರ ಎಡಗಾಲಿನ ಚಪ್ಪಲಿಯೊಂದು ಬಿದ್ದಿತ್ತು. ತಲೆಯೆತ್ತಿ ನೋಡಿದ. ಹೆದ್ದಾರಿಯ ಆಚೆ ಬದಿ, ಟಾರು ಮಿದುವಾಗುವಷ್ಟು ಬಿಸಿಲಿನಲ್ಲಿ ಉಮಾನಾಥ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಕಾಲು ಟಾರಿನ ಮೇಲೆ, ತಣ್ಣಗಿನ ನೆಲದ ಮೇಲಿಟ್ಟ ಹಾಗೆ, ಅಲುಗಾಡದೆ ಊರಿಕೊಂಡಿತ್ತು.

ಸರ್ವೋತ್ತಮ ಚಪ್ಪಲಿ ಎತ್ತಿಕೊಂಡು ರಸ್ತೆ ದಾಟಲು ಓಡಿದ.