ಅಬೇದಾಳ ಹಿತ್ತಲ ಕೆಳಗಿನ ಮಣ್ಣು

ಮಲಪ್ರಭೆಯ ನಡುಗಡ್ಡೆಯಲ್ಲಿ ನಮ್ಮ ಊರು. ಊರೆಂದರೆ ಒಂದೇ ದಿನ್ನೆ, ಮಲಗಿದ ಎತ್ತಿನ ಬೆನ್ನಿನಂತೆ. ಎಲ್ಲಿ ಅಗೆದರೂ ನೀರಿನಲ್ಲಿ ಸವೆದ ದುಂಡುಕಲ್ಲು. ಯಾವುದೋ ಕಾಲಕ್ಕೆ ಹೊಳೆಯ ದಂಡೆ ಇದೇ ಆಗಿತ್ತು. ಹೊಳೆ ತಗ್ಗಿಗೆ ಸರಿಯಿತು, ದಂಡೆಯನ್ನು ನಮಗೆ ಬಿಟ್ಟುಹೋಯಿತು. ಅದಕ್ಕೇ ಹಿರಿಯರು ಮನೆ, ಗುಡಿ, ದರ್ಗಾ ಎಲ್ಲವನ್ನೂ ದಿನ್ನೆಯ ಮೇಲೆ ಕಟ್ಟಿದರು. ತಗ್ಗಿನಲ್ಲಿ ಹೊಲ ಮಾತ್ರ.

ಅಣ್ಣತಮ್ಮಂದಿರು ಬೇರೆಯಾದಾಗ ನಮ್ಮೂರ ಕಲ್ಲೇಶನಿಗೆ ಪಾಲಿಗೆ ಬಂದ ಮನೆ ಇಕ್ಕಟ್ಟಾಯಿತು. ಹೊಲದಲ್ಲೇ ಹೊಸ ಮನೆ ಎಂದ. ನೀರು ಬಂದೀತೆಂದು ತಾಯಿ ಸಾವಂತ್ರವ್ವ ಅಂಜಿದಳು. ಅದಕ್ಕೂ ಅವನಲ್ಲಿ ಉಪಾಯವಿತ್ತು. ಬೇಸಿಗೆಯಲ್ಲಿ ಮನೆಯ ಮಣ್ಣಿನ ಮಾಳಿಗೆಗೆ, ಮಳೆಗೆ ಸೋರದಂತೆ, ಹಾಕಲು ಎಲ್ಲರೂ ದಿನ್ನೆಯ ಮಗ್ಗುಲಿನಿಂದ ಬುಟ್ಟಿ ಮಣ್ಣು ತರುತ್ತಾರಲ್ಲ, ತಾನು ಟ್ರ್ಯಾಕ್ಟರಿನಲ್ಲಿ ತಂದು ಹೊಲದಲ್ಲಿ ಆಳೆತ್ತರದ ಕಟ್ಟೆ ಕಟ್ಟಿ ಅದರ ಮೇಲೆ ಮನೆ ಏಳಿಸುವುದು.

ಅಗೆದದ್ದು ನೆರೆಮನೆಯ ಅಬೇದಾಳ ಹಿತ್ತಲ ಕೆಳಗೆ. ಆಕೆ ಹಳೆ ಬಟ್ಟೆಗಳಿಗೆ ತೇಪೆ ಕೂಡಿಸಿ ಕೌದಿ ಹೊಲಿಯುವವಳು. ಬೇರೆ ಊರಿನ ತಗ್ಗಿನಲ್ಲಿದ್ದ ಆಕೆಯ ತವರುಮನೆ ಹಿಂದಿನ ಮಹಾಪೂರದಲ್ಲಿ ಹೋಗಿತ್ತು.

"ಕಲ್ಲೇಶಣ್ಣ, ಈ ದಿನ್ನಿ ಕಾಲು ಕಡೀಬ್ಯಾಡ್ರಿ. ಹೊಳಿ ಬಿಗಿದು ಕೂಡಿಸಿದ ಕಲ್ಲು ಇವು. ನೀವು ಸಡ್ಲ ಮಾಡಿದ್ರ ಅದು ವಾಪಸ್ ಒಯ್ತೈತಿ."

"ನೀ ಕೌದಿ ಹೊಲಿ ತಂಗಿ. ದಿನ್ನಿಗೆ ತ್ಯಾಪಿ ಬೇಕಾದ್ರ ನಿನ್ನ ಕರೀತೇನಿ."

ಕೂಡಿದವರೆಲ್ಲ ನಕ್ಕರು. ಟ್ರ್ಯಾಕ್ಟರ್ ನಿಲ್ಲಲಿಲ್ಲ.

ಶ್ರಾವಣದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಸ ಕಟ್ಟೆ ಬೆಲ್ಲದಂತೆ ಕರಗಿತು. ನೀರು ಅಗೆದ ಕುಣಿಗೆ ನುಗ್ಗಿ ದಿನ್ನೆಯ ಮಗ್ಗುಲನ್ನೇ ಕೊರೆಯಿತು. ಅಬೇದಾಳ ಮನೆ ಹಿತ್ತಲ ಸಮೇತ ಜರಿಯಿತು. ಕಲ್ಲೇಶನೇ ಓಡಿಹೋಗಿ ಆಕೆಯ ಕೈಹಿಡಿದು ಎಳೆದು ತಂದ. ಆಕೆಯ ಅತ್ತೆ ಗುಲಾಬಬಿ ಒಳಗೇ ಸಿಕ್ಕು ಸತ್ತಳು.

ನೀರಿಳಿದ ಮೇಲೆ ಕಲ್ಲೇಶ ದಿನ್ನೆಯ ಮೇಲಿನ ತನ್ನ ಪಾಲಿನ ಜಾಗವನ್ನು ಅಬೇದಾಳಿಗೆ ಕೊಟ್ಟು ಮನೆ ಕಟ್ಟಿಕೊಡಲು ಹೋದ. ಊರು ಬಿಡಬೇಡವೆಂದು ಸಾವಂತ್ರವ್ವ ಸೆರಗೊಡ್ಡಿ ಬೇಡಿದಳು. ಇನ್ನು ಈ ಮಣ್ಣಿಗೆ ಸಲಿಕೆ ಹಾಕುವುದಿಲ್ಲವೆಂದು ಮನೆಮಂದಿಯೆಲ್ಲ ಲಿಂಗ ಮುಟ್ಟಿ ಆಣೆ ಮಾಡಿದರು. ಅಬೇದಾ ಬೈಯಲಿಲ್ಲ.

"ಮನಿ ಕಟ್ಟಿಕೊಡ್ತೀರಿ, ಖರೆ. ದಿನ್ನಿ ಯಾರು ಕಟ್ಟಿಕೊಡ್ತಾರ್ರಿ?"

ಅಷ್ಟು ಹೇಳಿ ತೆಪ್ಪ ಹತ್ತಿದಳು. ಹುನಗುಂದದ ತಂಗಿಯ ಮನೆಗೆ ಹೋದವಳು ಮರಳಲಿಲ್ಲ.

ಹೊಳೆಸಾಲಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಗ್ಗು ಬೆಳೆಗಿರಲಿ, ಮನೆ ಏರಿನಲ್ಲಿರಲಿ. ಮಾಳಿಗೆಯ ಮಣ್ಣನ್ನು ದೂರದ ಬಯಲಿನಿಂದ ತನ್ನಿ. ಯಾರಾದರೂ ದಿನ್ನೆ ಅಗೆಯುತ್ತಿದ್ದರೆ ನಗುತ್ತ ನಿಲ್ಲಬೇಡಿ, ತಡೆಯಿರಿ, ಪಂಚಾಯಿತಿಗೆ ತಿಳಿಸಿ. ಶಿವನು ಹೊಳೆಯ ಕೈಯಿಂದ ಯುಗಗಟ್ಟಲೆ ಕಟ್ಟಿಸಿದ ನೆಲ ಅದು. ನೀರು ಬಂದ ದಿನ ನಿಲ್ಲಲು ನಮಗೆ ಬೇರೆ ನೆಲವಿಲ್ಲ.